ಕಲ್ಲಿನ ಹದ

ಸಂಜೆ ಹೊತ್ತು. ಹಳೆಯ ಕುಲುಮೆಯ ಮುಂದಿನ ಜಗಲಿ. ತಿದಿ ಊದುವುದು ನಿಂತು ಬಹಳ ವರ್ಷವಾಗಿದೆ, ಅಡೆಗಲ್ಲು ಮಾತ್ರ ತನ್ನ ಜಾಗದಲ್ಲೇ ಇದೆ. ಅದರ ಮೇಲೆ ಮೊಮ್ಮಗಳ ಲ್ಯಾಪ್‌ಟಾಪ್, ಪರದೆ ಪೂರ್ತಿ ಬಿಳಿ. ಅವಳು ಭೂವಿಜ್ಞಾನ ಓದುತ್ತಿದ್ದಾಳೆ, ರಜೆಗೆ ಊರಿಗೆ ಬಂದಿದ್ದಾಳೆ. ತಾತ ಐವತ್ತು ವರ್ಷ ಈ ಕುಲುಮೆಯಲ್ಲಿ ಕುಡುಗೋಲು, ಗುಳ, ಗುದ್ದಲಿ ಮಾಡಿದವರು.

ಮೊಮ್ಮಗಳು: ತಾತ, ಈ ಗಾಜಿನ ಪಟ್ಟಿಯನ್ನು ಅಂಚಿನಲ್ಲಿ ಹಿಡಿದುಕೊಳ್ಳಿ. ಮೇಲೆ ಅಂಟಿರುವುದು ಕಲ್ಲು.

ತಾತ: ಕಲ್ಲೇ? ಆಚೆಯ ಬೆಳಕು ಕಾಣುತ್ತಿದೆಯಲ್ಲ.

ಮೊಮ್ಮಗಳು: ತೇಯ್ದು ತೇಯ್ದು 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸಿದ್ದಾರೆ. ತಲೆಗೂದಲಿಗಿಂತ ತೆಳು. ಇಷ್ಟು ತೆಳುವಾದರೆ ಹೆಚ್ಚಿನ ಕಲ್ಲುಗಳು ಬೆಳಕು ಬಿಡುತ್ತವೆ. ಇದು ಚಿತ್ರದುರ್ಗದ ಕಡೆಯದು. ಗದಗದಿಂದ ದಕ್ಷಿಣಕ್ಕೆ ಮಂಡ್ಯದ ಕಡೆಗೆ ಹಳೆಯ ಶಿಲೆಗಳ ಉದ್ದನೆಯ ಪಟ್ಟಿಯೊಂದು ಹೋಗುತ್ತದೆ. ಅದರ ಪೂರ್ವದ ಅಂಚಿನಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದ ಎರಡು ತುಂಡುಗಳು ಒಂದನ್ನೊಂದು ಒತ್ತಿಕೊಂಡು ಪಕ್ಕಕ್ಕೆ ಸರಿದವು. ಆ ಸರಿತದ ನಡುವೆ ಸಿಕ್ಕಿಕೊಂಡ ಬೆಣಚುಕಲ್ಲು ಇದು. ಈಗ ನನ್ನ ಕಪ್ಪು ಕನ್ನಡಕ ಹಾಕಿಕೊಂಡು ಪರದೆ ನೋಡಿ. ತಲೆ ಸ್ವಲ್ಪ ಓರೆ ಮಾಡಿ.

ತಾತ: ಪರದೆ ಕತ್ತಲಾಯಿತು!

ಮೊಮ್ಮಗಳು: ಹಾಗೇ ಇರಿ. ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕು. ಕನ್ನಡಕ ಅದಕ್ಕೆ ಅಡ್ಡವಾದ ದಿಕ್ಕಿನದನ್ನು ಮಾತ್ರ ಒಳಗೆ ಬಿಡುತ್ತದೆ. ಎರಡೂ ಅಡ್ಡಡ್ಡ ಬಂದರೆ ಕತ್ತಲು. ಈಗ ನಡುವೆ ಕಲ್ಲು ಹಿಡಿಯುತ್ತೇನೆ. ಭೂತಗನ್ನಡಿಯಲ್ಲಿ ನೋಡಿ.

ತಾತ: ಅಬ್ಬ, ಕತ್ತಲಲ್ಲಿ ಬೂದು, ಬಿಳಿ ಚೂರುಗಳು ಹೊಳೆಯುತ್ತಿವೆ. ಎಷ್ಟೊಂದು!

ಮೊಮ್ಮಗಳು: ಒಂದೊಂದು ಚೂರೂ ಒಂದೊಂದು ಹರಳು. ಹರಳಿನೊಳಗಿನ ಪರಮಾಣುಗಳ ಸಾಲು ಬೆಳಕನ್ನು ಸ್ವಲ್ಪ ತಿರುಚುತ್ತದೆ, ಅದಕ್ಕೇ ಹೊಳೆಯುತ್ತದೆ. ಆದರೆ ಆ ಸಾಲಿನ ದಿಕ್ಕು ಬೆಳಕು ಅಲುಗುವ ದಿಕ್ಕಿಗೆ ಸರಿಯಾಗಿ ಕೂತುಬಿಟ್ಟರೆ ಹರಳು ಆರಿಹೋಗುತ್ತದೆ. ನಿಧಾನವಾಗಿ ಪಟ್ಟಿಯನ್ನು ತಿರುಗಿಸುತ್ತೇನೆ.

ತಾತ: ತಡಿ, ತಡಿ. ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೇ ಆರಿದವು. ಊರಲ್ಲಿ ಕರೆಂಟು ಹೋದ ಹಾಗೆ. ಒಂದು ಮಾತ್ರ ಉಳಿದಿದೆ. ಕಣ್ಣಿನ ಆಕಾರದ್ದು, ಬೂದು ಬಣ್ಣ, ನಡುವೆ ಒಂದು ಬಿರುಕು.

ಮೊಮ್ಮಗಳು: ಅದನ್ನು ಆಮೇಲೆ ಕೇಳಿ. ಮೊದಲು ಉಳಿದವು. ಸಾವಿರಾರು ಹರಳುಗಳು ಒಟ್ಟಿಗೆ ಆರಿದವು ಎಂದರೆ ಅವುಗಳ ಒಳಸಾಲು ಒಂದೇ ಕಡೆ ಮುಖ ಮಾಡಿದೆ ಎಂದರ್ಥ. ಮಾಮೂಲು ಮರಳುಗಲ್ಲನ್ನು ಹೀಗೆ ಹಿಡಿದರೆ ಒಂದು ಆರಿದಾಗ ಇನ್ನೊಂದು ಹೊತ್ತಿರುತ್ತದೆ, ಯಾವ ಕೋನಕ್ಕೆ ತಿರುಗಿಸಿದರೂ ಅಷ್ಟೇ. ಇದು ಹಾಗೆ ಸಾಲುಗೂಡಿದ್ದು ಹೇಗೆ? ನಾನು ಓದಲು ಹೊರಟಿರುವುದು ಇದನ್ನೇ.

ತಾತ: ಇದರಲ್ಲಿ ಓದುವುದೇನಿದೆ? ಕಾಲುವೆಯಲ್ಲಿ ಹುಲ್ಲುಕಡ್ಡಿ ಹರಿವಿನ ಉದ್ದಕ್ಕೆ ತಿರುಗಿಕೊಳ್ಳುತ್ತದಲ್ಲ, ಹಾಗೆ.

ಮೊಮ್ಮಗಳು: ಕಾಗೆಬಂಗಾರದ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಅದು ಹಾಳೆ ಹಾಳೆಯಾಗಿರುತ್ತದೆ, ಒತ್ತಿದರೆ ಚಪ್ಪಟೆ ಮಲಗುತ್ತದೆ. ಆದರೆ ಇನ್ನೊಮ್ಮೆ ಈ ಬೆಣಚು ನೋಡಿ. ಉದ್ದನೆಯವೂ ಇವೆ, ಉರುಟಾದವೂ ಇವೆ. ಉರುಟಾದ ಹರಳಿಗೆ ಯಾವುದು ಉದ್ದ, ಯಾವುದು ಅಡ್ಡ? ಹರಿವು ಅದನ್ನು ಯಾವ ಕಡೆ ಹಿಡಿದು ತಿರುಗಿಸಬೇಕು? ಆದರೂ ಅವೂ ಜೊತೆಯಲ್ಲೇ ಆರಿದವು. ಸಾಲುಗೂಡಿರುವುದು ಹೊರಗಿನ ಆಕಾರವಲ್ಲ, ಒಳಗಿನ ಕಟ್ಟಡ. ಮೇಲಾಗಿ ಇದು ಕಾಲುವೆಯ ನೀರಲ್ಲ, ಒಂದು ಹನಿಯೂ ಕರಗಿರಲಿಲ್ಲ. ಗಟ್ಟಿಯಾಗಿದ್ದುಕೊಂಡೇ ಹರಿದಿದೆ.

ತಾತ: ಗಟ್ಟಿಯಾಗಿದ್ದುಕೊಂಡೇ ಹರಿಯುವುದು ನನಗೆ ಹೊಸದಲ್ಲ ಮಗಳೆ. ಕಬ್ಬಿಣ ನನ್ನ ಕೈಯಲ್ಲಿ ಯಾವತ್ತೂ ಕರಗಿಲ್ಲ. ಕೆಂಪಗೆ ಕಾಯಿಸಿ ಬಡಿದರೆ ಹರಿಯುತ್ತದೆ, ಹೇಳಿದ ಕಡೆ ಹೋಗುತ್ತದೆ. ಹದ ತಪ್ಪಿ ತಣ್ಣಗಾದ ಮೇಲೆ ಬಡಿದರೆ ಮೊದಲು ಗಡಸಾಗುತ್ತದೆ, ಆಮೇಲೆ ಸೀಳು ಬಿಡುತ್ತದೆ.

ಮೊಮ್ಮಗಳು: ಈಗ ಹೇಳಿದ ಎರಡು ಮಾತಿನಲ್ಲೇ ನನ್ನ ಪಾಠ ಪೂರ್ತಿ ಇದೆ. ಮೊದಲು, ಯಾಕೆ ಹರಿಯುತ್ತದೆ? ಹರಳೆಂದರೆ ಪರಮಾಣುಗಳ ಪದರದ ಮೇಲೆ ಪದರ. ಎಲ್ಲ ಪದರಗಳ ನಡುವೆಯೂ ಬಿಗಿ ಒಂದೇ ಸಮ ಇರುವುದಿಲ್ಲ. ಎಲ್ಲಿ ಸಡಿಲವೋ ಅಲ್ಲಿ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಆದರೆ ಇಡೀ ಪದರ ಒಂದೇ ಏಟಿಗೆ ಜಾರಬೇಕೆಂದು ಲೆಕ್ಕ ಹಾಕಿದರೆ ಬೇಕಾಗುವ ಬಲ ವಿಪರೀತ. ನಿಜವಾಗಿ ಬೇಕಾಗುವುದು ಅದರಲ್ಲಿ ಎಷ್ಟೋ ಸಣ್ಣ ಪಾಲು. ಈ ಒಗಟನ್ನು 1934ರಲ್ಲಿ ಮೂವರು, ಟೇಲರ್, ಒರೊವಾನ್, ಪೊಲಾನ್ಯಿ, ಬೇರೆ ಬೇರೆಯಾಗಿ ಬಿಡಿಸಿದರು. ಮದುವೆ ಮನೆಯ ದೊಡ್ಡ ಜಮಖಾನೆಯನ್ನು ನೀವು ಸರಿಸುವುದು ಹೇಗೆ?

ತಾತ: ಎಳೆದರೆ ಬರುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿಕೊಂಡು ಹೋದರೆ ಜಮಖಾನೆ ಗೇಣು ಸರಿದಿರುತ್ತದೆ.

ಮೊಮ್ಮಗಳು: ಹರಳಿನೊಳಗೂ ಅಂಥ ಸುಕ್ಕುಗಳಿವೆ. ಡಿಸ್‌ಲೊಕೇಶನ್ ಎನ್ನುತ್ತೇವೆ. ಒಂದು ಸುಕ್ಕು ಹರಳನ್ನು ದಾಟಿದರೆ ಒಂದು ಪರಮಾಣುವಿನಷ್ಟು ಸರಿತ. ಕೋಟಿಗಟ್ಟಲೆ ಸುಕ್ಕುಗಳು ದಾಟಿದರೆ ಬೆಟ್ಟದ ಆಕಾರವೇ ಬದಲಾಗುತ್ತದೆ. ತಣ್ಣಗಿದ್ದಾಗ ಈ ಸುಕ್ಕುಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡು ನಿಂತುಬಿಡುತ್ತವೆ. ನೀವು ಗಡಸಾಯಿತು ಎಂದಿರಲ್ಲ, ಅದು ಇದೇ. ಬಿಸಿಯಾದಾಗ ಪರಮಾಣುಗಳು ಜಾಗ ಬಿಟ್ಟು ಜಾಗ ಹೋಗಬಲ್ಲವು. ಸುಕ್ಕುಗಳು ಅಡ್ಡಿಯನ್ನು ಹತ್ತಿ ಇಳಿದು ಮುಂದಕ್ಕೆ ಸಾಗುತ್ತವೆ, ಎದುರುಬದುರು ಬಂದವು ಒಂದನ್ನೊಂದು ಅಳಿಸಿಹಾಕುತ್ತವೆ.

ತಾತ: ಸರಿ, ಜಾರಿತು. ಆದರೆ ಜಾರಿದ ಮಾತ್ರಕ್ಕೆ ಹರಳು ತಿರುಗುವುದೇಕೆ?

ಮೊಮ್ಮಗಳು: ನನಗೂ ಮೊದಲು ಹೊಳೆಯದೆ ಉಳಿದದ್ದು ಇದೇ. ಪುಸ್ತಕದ ಕಪಾಟು ನೆನಪಿಸಿಕೊಳ್ಳಿ. ಪುಸ್ತಕಗಳು ನೆಟ್ಟಗೆ ನಿಂತಿವೆ. ಕೊನೆಯ ಒಂದೆರಡನ್ನು ತೆಗೆದರೆ ಉಳಿದವು ಒಂದರ ಮೇಲೊಂದು ಜಾರಿ ಒರಗುತ್ತವೆ. ಒಂದೊಂದು ಪುಸ್ತಕವೂ ಪಕ್ಕದ್ದರ ಮೇಲೆ ಜಾರಿದ್ದು ಸ್ವಲ್ಪವೇ, ಆದರೆ ಎಲ್ಲವೂ ವಾಲಿದವು. ಯಾಕೆಂದರೆ ಕೆಳಗೆ ಹಲಗೆ ಇದೆ, ಪಕ್ಕದಲ್ಲಿ ಗೋಡೆ ಇದೆ, ಇವುಗಳನ್ನು ಬಿಟ್ಟು ಹೋಗುವಂತಿಲ್ಲ. ಒಂಟಿ ಹರಳಾಗಿದ್ದರೆ ತನ್ನಷ್ಟಕ್ಕೆ ಜಾರಿ, ಮೆಟ್ಟಿಲು ಮೆಟ್ಟಿಲಾಗಿ ಆಕಾರ ಕೆಡಿಸಿಕೊಂಡು ಸುಮ್ಮನಿರುತ್ತಿತ್ತು. ಕಲ್ಲಿನೊಳಗೆ ನಾಲ್ಕೂ ಕಡೆ ನೆರೆಯವರು. ನಡುವೆ ಸಂದು ಬೀಳದಂತೆ ಅವರ ಅಂಚಿಗೆ ಅಂಟಿಕೊಂಡೇ ಜಾರಬೇಕು. ಹಾಗೆ ಜಾರಬೇಕಾದರೆ ಜಾರುವ ಪದರಗಳೇ ವಾಲಬೇಕು.

ತಾತ: ಅಂದರೆ ತಿರುಗಿಸಿದ್ದು ಹೊರಗಿನ ಬಲವಲ್ಲ.

ಮೊಮ್ಮಗಳು: ಬಲ ಜಾರಿಸಿತು, ನೆರೆ ತಿರುಗಿಸಿತು. ಯಾವ ತಳದಲ್ಲಿ ಜಾರಬೇಕೆಂಬುದನ್ನು ಹರಳಿನ ಸ್ವಭಾವ ತೀರ್ಮಾನಿಸಿತು. ಮೂರೂ ಸೇರದೆ ಸಾಲು ಮೂಡುವುದಿಲ್ಲ. ತಿರುಗುತ್ತಾ ತಿರುಗುತ್ತಾ ಹರಳಿನ ಸುಲಭದ ತಳ ನೆಲ ಸರಿಯುವ ತಳಕ್ಕೆ ಹತ್ತಿರ ಬರುತ್ತದೆ, ಸುಲಭದ ದಿಕ್ಕು ಸರಿತದ ದಿಕ್ಕಿಗೆ ಹತ್ತಿರ ಬರುತ್ತದೆ. ಅಲ್ಲಿಗೆ ಬಂದ ಮೇಲೆ ಹೆಚ್ಚು ತಿರುಗದೆಯೇ ಜಾರಿಕೊಂಡಿರಬಹುದು. ಎಲ್ಲ ಕಡೆಯಿಂದ ಹೊರಟ ಹರಳುಗಳು ನಿಧಾನವಾಗಿ ಆ ಒಂದು ನಿಲುವಿನ ಸುತ್ತ ಬಂದು ಸೇರುತ್ತವೆ.

ತಾತ: ಎಲ್ಲ ಹರಳಿಗೂ ಒಂದೇ ಜಾರುದಾರಿಯೇ? ಕಬ್ಬಿಣ ಬೇಕೆಂದ ಕಡೆಗೆಲ್ಲ ಬಗ್ಗುತ್ತದೆ.

ಮೊಮ್ಮಗಳು: ಕಬ್ಬಿಣಕ್ಕೆ ದಾರಿಗಳು ಧಾರಾಳ. ನೆರೆಯವರ ನಡುವೆ ಇದ್ದು ಯಾವ ಆಕಾರಕ್ಕಾದರೂ ಒಗ್ಗಬೇಕಾದರೆ ಹರಳಿಗೆ ಐದು ಸ್ವತಂತ್ರ ಜಾರುದಾರಿ ಇರಬೇಕೆಂದು 1928ರಲ್ಲಿ ಫಾನ್ ಮೀಸೆಸ್ ಲೆಕ್ಕ ಮಾಡಿ ತೋರಿಸಿದರು. ಕಬ್ಬಿಣ, ತಾಮ್ರಕ್ಕೆ ಐದೂ ಇವೆ. ಕಲ್ಲಿನ ಖನಿಜಗಳಿಗೆ ಸಾಮಾನ್ಯವಾಗಿ ಇಲ್ಲ. ಭೂಮಿಯ ಮೇಲಿನ ಚಿಪ್ಪಿನ ಕೆಳಗೆ, ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಆಲಿವೀನ್ ಎಂಬ ಹಸಿರು ಖನಿಜ. ಅದಕ್ಕೆ ಮೂರೇ. ಉಳಿದ ಕೊರತೆಯನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಬೇಕು. ಅಂಚುಗಳು ಒಂದರ ಮೇಲೊಂದು ಸರಿಯುತ್ತವೆ, ಪರಮಾಣುಗಳು ಅಂಚಿನಿಂದ ಅಂಚಿಗೆ ವಲಸೆ ಹೋಗುತ್ತವೆ, ಹಳೆಯ ಹರಳು ಹೋಗಿ ಹೊಸದು ಹುಟ್ಟುತ್ತದೆ. ದಾರಿ ಕಡಿಮೆ ಇದ್ದಷ್ಟೂ ಸಾಲು ಎದ್ದು ಕಾಣುತ್ತದೆ.

ತಾತ: ಇಷ್ಟಕ್ಕೆಲ್ಲ ಎಷ್ಟು ಬಿಸಿ ಬೇಕು? ನನ್ನ ಕುಲುಮೆಯಷ್ಟೇ?

ಮೊಮ್ಮಗಳು: ಬಿಸಿ ಎಂದರೆ ಯಾರಿಗೆ ಬಿಸಿ ಎಂದು ಕೇಳಬೇಕು ತಾತ. ಮಂಜುಗಡ್ಡೆ ನಮ್ಮ ಲೆಕ್ಕದಲ್ಲಿ ತಣ್ಣಗೆ. ಆದರೆ ಮೈನಸ್ 10 ಡಿಗ್ರಿಯ ಮಂಜುಗಡ್ಡೆ ಕರಗಲು ಇನ್ನು ಹತ್ತೇ ಡಿಗ್ರಿ ಬಾಕಿ. ಅದರ ಲೆಕ್ಕದಲ್ಲಿ ಅದು ಉರಿಬಿಸಿಯಲ್ಲಿದೆ. ಅದಕ್ಕೇ ಹಿಮನದಿ ಹರಿಯುತ್ತದೆ. 1938ರಲ್ಲಿ ಮ್ಯಾಕ್ಸ್ ಪೆರುಟ್ಸ್ ಎಂಬ ತರುಣ ಸ್ವಿಸ್ ಆಲ್ಪ್ಸ್‌ನ ಯುಂಗ್‌ಫ್ರಾವ್‌ಯೋಕ್‌ಗೆ ಹೋಗಿ ಹಿಮನದಿಯ ಹರಳುಗಳು ಯಾವ ಕಡೆ ಮುಖ ಮಾಡಿವೆ ಎಂದು ಅಳೆದರು. ಮುಂದೆ ರಕ್ತದ ಹಿಮೋಗ್ಲೋಬಿನ್ನಿನ ರಚನೆ ಬಿಡಿಸಿ 1962ರಲ್ಲಿ ನೊಬೆಲ್ ಪಡೆದವರು ಅವರೇ. ಮಂಜಿನ ಹರಳಿಗೆ ತನ್ನ ಬುಡದ ತಳವೊಂದೇ ಸುಲಭದ ಜಾರುದಾರಿ. ಆ ಕಾರಣಕ್ಕೆ ಗ್ರೀನ್‌ಲ್ಯಾಂಡಿನ ಆಳದ ಮಂಜಿನಲ್ಲಿ ಸಾಲು ಬಹಳ ಬಲವಾಗಿ ಕೂತಿದೆ.

ತಾತ: ಹಾಗಾದರೆ ಪ್ರತಿಯೊಂದಕ್ಕೂ ಅದರದೇ ಹದ.

ಮೊಮ್ಮಗಳು: ಅದೇ ಪದ ತಾತ, ಹದ. ನಮ್ಮ ಪಠ್ಯಪುಸ್ತಕದಲ್ಲಿ ಉದ್ದುದ್ದ ಹೆಸರಿದೆ, ಇಷ್ಟು ಚೆನ್ನಾಗಿಲ್ಲ. ಬೆಣಚು ಸುಮಾರು 300 ಡಿಗ್ರಿ ದಾಟಿದರೆ ಹದಕ್ಕೆ ಬರಲು ತೊಡಗುತ್ತದೆ.

ತಾತ: ಬೆಣಚು ಕರಗುವುದು ಎಷ್ಟಕ್ಕೆ?

ಮೊಮ್ಮಗಳು: 1,700 ಡಿಗ್ರಿಯ ಆಚೆ.

ತಾತ: ಇದು ಸರಿಹೋಗಲಿಲ್ಲವಲ್ಲ. ಮಂಜು ಕರಗುವ ಹೊಸ್ತಿಲಲ್ಲಿ ಹದಕ್ಕೆ ಬಂತು. ಬೆಣಚು ಅಷ್ಟು ದೂರದಲ್ಲೇ ಬಂತೇ?

ಮೊಮ್ಮಗಳು: ಸರಿಯಾದ ಕಡೆ ಹಿಡಿದಿರಿ. ಒಣ ಬೆಣಚಾಗಿದ್ದರೆ ಬರುತ್ತಿರಲಿಲ್ಲ, ಅದು ತುಂಬಾ ಮೊಂಡು. 1965ರಲ್ಲಿ ಡೇವಿಡ್ ಗ್ರಿಗ್ಸ್ ಮತ್ತು ಬ್ಲಾಸಿಕ್ ಪ್ರಯೋಗ ಮಾಡಿ ತೋರಿಸಿದರು: ಹರಳಿನೊಳಗೆ ಅತ್ಯಲ್ಪ ನೀರಿನಂಶ ಸೇರಿದರೂ ಸಾಕು, ಬೆಣಚು ಮೆತ್ತಗಾಗುತ್ತದೆ. ಭೂಮಿಯೊಳಗೆ ಆ ನೀರು ಇದ್ದೇ ಇದೆ. ಹೀಗಾಗಿ ಕಲ್ಲಿನ ಹದವನ್ನು ಬಿಸಿಯೊಂದೇ ನಿರ್ಧರಿಸುವುದಿಲ್ಲ. ನೀರೂ ಬೇಕು, ಸಮಯವೂ ಬೇಕು.

ತಾತ: ಸಮಯ ಎಷ್ಟು?

ಮೊಮ್ಮಗಳು: ಆಳದಲ್ಲಿ ಕಲ್ಲು ಹರಿಯುವ ಸಾಮಾನ್ಯ ವೇಗ ಎಷ್ಟೆಂದರೆ, ಒಂದು ತುಂಡು ಇನ್ನೂ ತನ್ನಷ್ಟೇ ಉದ್ದ ಹಿಗ್ಗಲು ಸುಮಾರು 30 ಲಕ್ಷ ವರ್ಷ. ಪ್ರಯೋಗಶಾಲೆಯಲ್ಲಿ ಅಷ್ಟು ಕಾಯುವವರು ಯಾರು? ಅಲ್ಲಿ ಅದೇ ಹಿಗ್ಗನ್ನು ಒಂದು ದಿನದ ಸುಮಾರಿನಲ್ಲಿ ಮಾಡಿ ಮುಗಿಸಬೇಕು. ಅದಕ್ಕಾಗಿ ಬಿಸಿ ಏರಿಸುತ್ತಾರೆ. ಬೆಟ್ಟದ ಬುಡದಲ್ಲಿ 400 ಡಿಗ್ರಿಗೆ ಹರಿದ ಬೆಣಚನ್ನು ಯಂತ್ರದಲ್ಲಿ 800, 900 ಡಿಗ್ರಿಗೆ ಕಾಯಿಸಿ ಒತ್ತುತ್ತಾರೆ.

ತಾತ: ಹೊತ್ತಿಲ್ಲದಿದ್ದರೆ ತಿದಿ ಜೋರಾಗಿ ಒತ್ತುವುದು. ನಾವೂ ಮಾಡಿದ್ದೇವೆ. ಆದರೆ ಹಾಗೆ ಮಾಡಿದ ಗುಳ ನಿಧಾನವಾಗಿ ಮಾಡಿದ್ದಕ್ಕೆ ಸಮವೇ ಎಂಬ ಅನುಮಾನ ಉಳಿಯುತ್ತದೆ.

ಮೊಮ್ಮಗಳು: ನಮಗೂ ಆ ಅನುಮಾನವಿದೆ. ಅದಕ್ಕೇ ಯಂತ್ರದಲ್ಲಿ ಕಂಡದ್ದನ್ನು ಬೆಟ್ಟದಲ್ಲೂ ಹುಡುಕಬೇಕು, ಬೆಟ್ಟದಲ್ಲಿ ಕಂಡದ್ದನ್ನು ಯಂತ್ರದಲ್ಲೂ ಪರೀಕ್ಷಿಸಬೇಕು. ಎರಡೂ ಒಂದೇ ಮಾತು ಹೇಳಿದಾಗ ಧೈರ್ಯ ಬರುತ್ತದೆ. ಬೆಣಚಿನ ಒಂದು ಗುಣ ಹಾಗೆ ಎರಡೂ ಕಡೆಯಿಂದ ಬೆಳಕಿಗೆ ಬಂದದ್ದು. ಅದರ ಹರಳು ಆರು ಮೂಲೆಯ ಕಂಬ ಎಂದುಕೊಳ್ಳಿ. ಕಡಿಮೆ ಬಿಸಿಯಲ್ಲಿ ಅದು ಬುಡದ ತಳದ ಮೇಲೆ ಜಾರುತ್ತದೆ, ಆಗ ಕಂಬಗಳು ಕಲ್ಲಿನ ಪದರಕ್ಕೆ ನೆಟ್ಟಗೆ ನಿಲ್ಲುವತ್ತ ಬರುತ್ತವೆ. ಇನ್ನಷ್ಟು ಬಿಸಿಯಾದರೆ ಕಂಬದ ಪಕ್ಕಗಳ ಮೇಲೆ ಅಡ್ಡಲಾಗಿ ಜಾರುತ್ತದೆ, ಆಗ ಕಂಬಗಳು ಪದರದೊಳಗೆ, ಸರಿತಕ್ಕೆ ಅಡ್ಡವಾಗಿ ಮಲಗುತ್ತವೆ. ಸುಮಾರು 650 ಡಿಗ್ರಿ ದಾಟಿದರೆ ಕಂಬದ ಉದ್ದಕ್ಕೇ ಜಾರುತ್ತದೆ, ಆಗ ಸರಿತದ ಉದ್ದಕ್ಕೇ ಮಲಗುತ್ತವೆ. ನಿಂತದ್ದು, ಅಡ್ಡ ಮಲಗಿದ್ದು, ಉದ್ದ ಮಲಗಿದ್ದು. ಕಲ್ಲು ತಣ್ಣಗಾಗಿ ಕೋಟಿಗಟ್ಟಲೆ ವರ್ಷವಾದರೂ ಎಷ್ಟು ಬಿಸಿಯಲ್ಲಿ ಹರಿದಿತ್ತು ಎಂದು ಈ ನಿಲುವೇ ಹೇಳುತ್ತದೆ.

ತಾತ: ಕಾದ ಕಬ್ಬಿಣದ ಬಣ್ಣ ನೋಡಿ ಬಿಸಿ ಹೇಳುತ್ತಿದ್ದೆ ನಾನು. ಆರಿದ ಮೇಲೆ ಬಣ್ಣ ಹೋಗಿಬಿಡುತ್ತದೆ. ನಿನ್ನ ಕಲ್ಲಿನ ಬಣ್ಣ ಹೋಗದೆ ಉಳಿದಿದೆ ಅನ್ನು.

ಮೊಮ್ಮಗಳು: ಹೌದು. ನಮ್ಮ ಕೈಯಲ್ಲಿರುವುದು ನಿಂತ ಕಂಬಗಳು. ಹಾಗಾಗಿ 400 ಡಿಗ್ರಿಯ ಆಸುಪಾಸು ಎಂದು ನನ್ನ ಅಂದಾಜು. ನೆಲದೊಳಗೆ ಕಿಲೋಮೀಟರಿಗೆ 25 ಡಿಗ್ರಿಯಂತೆ ಬಿಸಿ ಏರುತ್ತದೆ ಎಂದು ಇಂದಿನ ಲೆಕ್ಕ ಹಿಡಿದರೆ 15 ಕಿಲೋಮೀಟರ್ ಆಳ. ಆ ಕಾಲದ ಭೂಮಿ ಇನ್ನೂ ಬಿಸಿಯಾಗಿದ್ದದ್ದರಿಂದ ಅದಕ್ಕಿಂತ ಕಡಿಮೆ ಆಳದಲ್ಲೇ ಇದು ಹದಕ್ಕೆ ಬಂದಿರಬೇಕು.

ತಾತ: ಇನ್ನೊಂದು ಕೇಳುತ್ತೇನೆ. ಬಡಿದು ಬಡಿದು ಗಡಸಾದ ಕಬ್ಬಿಣವನ್ನು ಮತ್ತೆ ಕುಲುಮೆಗಿಟ್ಟರೆ ಬಡಿತದ ಬಿಗಿಯೆಲ್ಲ ಹೋಗಿ ಮತ್ತೆ ಮೆತ್ತಗಾಗುತ್ತದೆ. ಆಳದಲ್ಲಿ ಕಲ್ಲು ಲಕ್ಷಾಂತರ ವರ್ಷ ಬಿಸಿಯಲ್ಲೇ ಇತ್ತಲ್ಲ. ಸಾಲೂ ಅಳಿಸಿಹೋಗಬೇಕಿತ್ತು.

ಮೊಮ್ಮಗಳು: ಬಿಗಿ ಹೋಗುತ್ತದೆ, ಸಾಲು ಬಹುಮಟ್ಟಿಗೆ ಉಳಿಯುತ್ತದೆ. ಕುಲುಮೆಯಲ್ಲಿ ನಡೆಯುವುದು ಇಲ್ಲೂ ನಡೆಯುತ್ತದೆ: ಸುಕ್ಕು ತುಂಬಿ ದಣಿದ ಹಳೆಯ ಹರಳಿನ ಜಾಗದಲ್ಲಿ ಸುಕ್ಕಿಲ್ಲದ ಹೊಸ ಹರಳು ಹುಟ್ಟುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಬಡಿತವೂ ಕಾಯಿಸುವುದೂ ಒಟ್ಟಿಗೇ ಸಾಗುತ್ತವೆ. ಇಟಲಿಯ ಆಲ್ಪ್ಸ್‌ನಲ್ಲಿ ಟೊನಾಲೆ ಎಂಬ ಸೀಳಿನ ಉದ್ದಕ್ಕೆ ಬೆಣಚು ಬೇರೆ ಬೇರೆ ಬಿಸಿಯಲ್ಲಿ ಹರಿದಿದೆ. ಅಲ್ಲಿ ಅಳೆದವರು ಮೂರು ಮಜಲು ಕಂಡರು. ಸುಮಾರು 400 ಡಿಗ್ರಿಯವರೆಗೆ ಹರಳಿನ ಅಂಚು ಪಕ್ಕದ್ದರೊಳಗೆ ಉಬ್ಬಿ ಸಣ್ಣ ಹರಳುಗಳು ಕಡಿದುಕೊಳ್ಳುತ್ತವೆ. 400ರಿಂದ 500ರವರೆಗೆ ಸುಕ್ಕುಗಳು ಹರಳಿನೊಳಗೇ ಗೋಡೆ ಕಟ್ಟುತ್ತವೆ, ಒಳಕೋಣೆಗಳು ಸ್ವಲ್ಪ ಸ್ವಲ್ಪ ತಿರುಗಿ ಬೇರೆ ಮನೆಯಾಗುತ್ತವೆ. 500 ದಾಟಿದರೆ ಅಂಚುಗಳೇ ದೂರ ದೂರ ಸಂಚರಿಸುತ್ತವೆ: ಸುಕ್ಕು ಕಡಿಮೆ ಇರುವ ಹರಳು ಸುಕ್ಕು ತುಂಬಿದ ನೆರೆಯದನ್ನು ನುಂಗಿ ಬೆಳೆಯುತ್ತದೆ. ಹೊಸ ಹರಳು ಹುಟ್ಟುವುದು ಹೆಚ್ಚಾಗಿ ಹಳೆಯದರ ಮೈಯಿಂದಲೇ, ಹಾಗಾಗಿ ಅದರ ಮುಖ ಇದಕ್ಕೂ ಬರುತ್ತದೆ. ಸರಿತ ನಿಂತ ಮೇಲೆ ಬರೀ ಬಿಸಿಯಲ್ಲಿ ಉಳಿದರೆ ಹರಳುಗಳು ದೊಡ್ಡದಾಗಿ, ಅಂಚುಗಳು ನೇರವಾಗಿ, ಏನೂ ಆಗಿಲ್ಲವೇನೋ ಎನ್ನುವಂತೆ ಕಾಣುತ್ತವೆ. ಆದರೆ ಹೀಗೆ ಬೆಳಕಿಗೆ ಹಿಡಿದು ತಿರುಗಿಸಿದರೆ ಒಟ್ಟಿಗೆ ಆರುತ್ತವೆ.

ತಾತ: ಮೈಮೇಲಿನ ಗಾಯ ಮಾಯುತ್ತದೆ, ನಡಿಗೆ ಉಳಿಯುತ್ತದೆ.

ಮೊಮ್ಮಗಳು: ಈ ಗುಣ ತಿಳಿಯದ ಕಾಲದಲ್ಲಿ ಇಂಥ ಕಲ್ಲಿಗೆ ಒಂದು ಹೆಸರು ಬಿತ್ತು. ಸ್ಕಾಟ್ಲೆಂಡಿನ ಉತ್ತರದಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ಇದನ್ನು ನೋಡಿ 1885ರಲ್ಲಿ ಮೈಲೊನೈಟ್ ಎಂದರು. ಗ್ರೀಕ್ ಭಾಷೆಯಲ್ಲಿ ಮೈಲೊನ್ ಎಂದರೆ ಬೀಸುವ ಗಿರಣಿ. ಎರಡು ಬಂಡೆಗಳ ನಡುವೆ ಸಿಕ್ಕಿ ರಾಗಿಯಂತೆ ಪುಡಿಯಾದ ಕಲ್ಲು ಎಂದು ಅವರ ಎಣಿಕೆ. ಹರಳುಗಳು ಸಣ್ಣಗಾಗಿದ್ದು ನಿಜ, ಆದರೆ ಬೀಸಿದ್ದರಿಂದಲ್ಲ. ಬಿಸಿಯಲ್ಲಿ ಹರಿದು ಹೊಸದಾಗಿ ಹುಟ್ಟಿದ್ದರಿಂದ. ಅದು ಸ್ಪಷ್ಟವಾಗಲು ಸುಮಾರು ಒಂದು ಶತಮಾನ ಹಿಡಿಯಿತು. ಬೀಸಿದ ಹಿಟ್ಟಿನಲ್ಲಿ ಕಣಗಳು ದಿಕ್ಕಾಪಾಲಾಗಿರಬೇಕು. ಇಲ್ಲಿ ಸಾಲುಗೂಡಿವೆ.

ತಾತ: ಆ ಹೆಸರು ಇಟ್ಟವರಿಗೆ ಕುಲುಮೆಯ ಪರಿಚಯ ಇರಲಿಲ್ಲವೋ ಏನೋ. ಈ ದಿಕ್ಕನ್ನೆಲ್ಲ ಒಂದೊಂದಾಗಿ ಅಳೆಯುವುದು ಹೇಗೆ? ನನಗೆ ಆರಿದ್ದು, ಹೊತ್ತಿದ್ದು ಮಾತ್ರ ಕಂಡಿತು.

ಮೊಮ್ಮಗಳು: ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಬ್ರೂನೊ ಸಾಂಡರ್ ಎಂಬವರಿದ್ದರು. ಬೇರೆ ಹೆಸರಿನಲ್ಲಿ ಕವಿತೆಯನ್ನೂ ಬರೆಯುತ್ತಿದ್ದವರು. ಗಾಜಿನ ಪಟ್ಟಿಯನ್ನು ಎಲ್ಲ ಕಡೆಗೂ ಓರೆ ಮಾಡಬಹುದಾದ ಪೀಠವನ್ನು ಸೂಕ್ಷ್ಮದರ್ಶಕಕ್ಕೆ ಹೊಂದಿಸಿ, ಒಂದೊಂದೇ ಹರಳನ್ನು ಹಿಡಿದು ದಿಕ್ಕು ಬರೆದುಕೊಳ್ಳುವ ಪದ್ಧತಿಯಿಂದ ಅವರೊಂದು ಶಾಸ್ತ್ರವನ್ನೇ ಕಟ್ಟಿದರು. 1930ರಲ್ಲಿ ಅವರ ದೊಡ್ಡ ಗ್ರಂಥ ಬಂತು. ಕೆಲವು ನೂರು ಹರಳು ಅಳೆಯಲು ದಿನಗಟ್ಟಲೆ ಕೂರಬೇಕಿತ್ತು. ಈಗ ನಯಗೊಳಿಸಿದ ಕಲ್ಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 70 ಡಿಗ್ರಿ ಓರೆಯಾಗಿ ಇಡುತ್ತೇವೆ. ಎಲೆಕ್ಟ್ರಾನ್‌ಗಳು ಹರಳಿಗೆ ಬಡಿದು ಚದುರುವಾಗ ಮೂಡುವ ಪಟ್ಟೆಗಳ ಚಿತ್ರದಿಂದ ಗಣಕಯಂತ್ರ ದಿಕ್ಕು ಓದುತ್ತದೆ. ಒಂದೇ ರಾತ್ರಿಯಲ್ಲಿ ಲಕ್ಷಾಂತರ ಚುಕ್ಕೆ.

ತಾತ: ಅಷ್ಟೆಲ್ಲ ಅಳೆದು ಏನು ಸಿಕ್ಕಿತು ಮಗಳೆ? ಒಂದು ಕಲ್ಲಿನ ಕಥೆ ಗೊತ್ತಾಯಿತು. ಅದರಾಚೆ?

ಮೊಮ್ಮಗಳು: ಯಾರೂ ಹೋಗಲಾಗದ ಆಳದ ಹರಿವು ಗೊತ್ತಾಯಿತು. ಆಲಿವೀನ್ ಎಂದೆನಲ್ಲ. ಅದರ ಹರಳಿನೊಳಗೆ ಒಂದು ದಿಕ್ಕಿನಲ್ಲಿ ಭೂಕಂಪದ ಅಲೆ ಸೆಕೆಂಡಿಗೆ 9.9 ಕಿಲೋಮೀಟರ್ ಓಡುತ್ತದೆ. ಇನ್ನೊಂದು ದಿಕ್ಕಿನಲ್ಲಿ 7.7 ಅಷ್ಟೇ. ಹರಳುಗಳು ದಿಕ್ಕಾಪಾಲಾಗಿದ್ದರೆ ಈ ವ್ಯತ್ಯಾಸ ಒಂದಕ್ಕೊಂದು ಸಮನಾಗಿ ಕಾಣದೆ ಹೋಗುತ್ತದೆ. ಸಾಲುಗೂಡಿದ್ದರೆ ನೂರಾರು ಕಿಲೋಮೀಟರ್ ಉದ್ದಕ್ಕೂ ಕಾಣುತ್ತದೆ. 1964ರಲ್ಲಿ ಹ್ಯಾರಿ ಹೆಸ್ ಇದನ್ನು ಗುರುತಿಸಿದರು. ಪೆಸಿಫಿಕ್ ಸಾಗರದ ತಳದ ಕೆಳಗೆ ಅಲೆಗಳು ಒಂದು ದಿಕ್ಕಿನಲ್ಲಿ ವೇಗ, ಅದಕ್ಕೆ ಅಡ್ಡವಾಗಿ ನಿಧಾನ. ಆ ವೇಗದ ದಿಕ್ಕು ಸಾಗರತಳ ಬಾಯಿಬಿಟ್ಟು ಹರಡುತ್ತಾ ಹೋದ ದಿಕ್ಕೇ ಆಗಿತ್ತು. ತಳ ಹರಡುವಾಗ ಕೆಳಗಿನ ಆಲಿವೀನ್ ಹರಿದು ಸಾಲುಗೂಡಿದೆ. ಮುಂದೆ 1995ರಲ್ಲಿ ಜಾಂಗ್ ಮತ್ತು ಕರಾಟೊ ಆಲಿವೀನನ್ನು 1,200, 1,300 ಡಿಗ್ರಿಯಲ್ಲಿ ಪಕ್ಕಕ್ಕೆ ಸರಿಸುವ ಪ್ರಯೋಗ ಮಾಡಿ, ಹೆಚ್ಚಿನ ಬಿಸಿಯಲ್ಲಿ ಹೊಸ ಹರಳುಗಳು ಹುಟ್ಟಿದಾಗ ವೇಗದ ಅಕ್ಷ ಹರಿವಿನ ದಿಕ್ಕಿಗೆ ಬೇಗ ಬಂದು ಕೂರುವುದನ್ನು ಕಂಡರು. ಇವತ್ತು ಭೂಕಂಪಮಾಪಕಗಳಲ್ಲಿ ಅಡ್ಡ ಅಲೆಯೊಂದು ಎರಡಾಗಿ ಸೀಳಿ, ಒಂದು ಮುಂದೆ, ಇನ್ನೊಂದು ಸುಮಾರು ಒಂದು ಸೆಕೆಂಡ್ ಹಿಂದೆ ಬರುವುದನ್ನು ನೋಡಿ ನಮ್ಮ ಕಾಲಕೆಳಗಿನ ಹರಿವಿನ ದಿಕ್ಕನ್ನು ಹೇಳುತ್ತಾರೆ.

ತಾತ: ಸಾಲು ಕಂಡರೆ ಹರಿವು ಆ ಕಡೆಗೆ. ಇಷ್ಟು ನೇರವೇ?

ಮೊಮ್ಮಗಳು: ನಲವತ್ತು ವರ್ಷ ಹತ್ತಿರ ಹತ್ತಿರ ಹಾಗೇ ಓದಿದರು. 2001ರಲ್ಲಿ ಯುಂಗ್ ಮತ್ತು ಕರಾಟೊ ಒತ್ತಡ ಮತ್ತು ನೀರು ಎರಡನ್ನೂ ಹೆಚ್ಚಿಸಿ ಆಲಿವೀನನ್ನು ಹರಿಸಿದರು. ಸುಲಭದ ಜಾರುದಾರಿಯೇ ಬದಲಾಗಿ, ವೇಗದ ಅಕ್ಷ ಹರಿವಿಗೆ ಅಡ್ಡವಾಗಿ ಕೂತಿತು. ಅಂದರೆ ಅಲ್ಲಿನ ನೀರು, ಬಿಸಿ, ಬಲ ತಿಳಿಯದೆ ಸಾಲನ್ನು ಓದಿದರೆ 90 ಡಿಗ್ರಿ ತಪ್ಪು ದಿಕ್ಕು ತೋರಿಸಬಹುದು.

ತಾತ: ಸಾಲೇ ಇಲ್ಲದಿದ್ದರೆ? ಅಲ್ಲಿ ಏನೂ ಹರಿದಿಲ್ಲ ಎನ್ನಬಹುದಲ್ಲ.

ಮೊಮ್ಮಗಳು: ಅದನ್ನೂ ಹೇಳುವಂತಿಲ್ಲ. ಹರಳು ತೀರಾ ಸಣ್ಣದಿದ್ದು ಬಲ ಕಡಿಮೆ ಇದ್ದರೆ ಸುಕ್ಕುಗಳಿಗೆ ಕೆಲಸವೇ ಇಲ್ಲ. ಪರಮಾಣುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಲಸೆ ಹೋಗಿ ಕಲ್ಲಿನ ಆಕಾರ ಬದಲಾಗುತ್ತದೆ. ಬಹಳ ದೂರ ಹರಿದರೂ ಹರಳುಗಳ ಮುಖ ಎಲ್ಲೆಲ್ಲೋ ಇರುತ್ತದೆ. ಹಾಗಾಗಿ ಸಾಲು ಕಂಡರೆ ಮೊದಲು ಹೇಳಬಹುದಾದದ್ದು ಇಷ್ಟೇ: ಇಲ್ಲಿನ ಹರಳುಗಳು ತಮ್ಮೊಳಗೇ ಜಾರಿವೆ. ಯಾವ ಕಡೆಗೆ, ಎಷ್ಟು ಬಿಸಿಯಲ್ಲಿ ಎಂಬುದಕ್ಕೆ ಅಕ್ಕಪಕ್ಕದ ಸಾಕ್ಷಿಯೂ ಬೇಕು.

ತಾತ: ಅಕ್ಕಪಕ್ಕದ ಸಾಕ್ಷಿ ಎಂದೆಯಲ್ಲ, ಈಗ ಹೇಳು. ಎಲ್ಲವೂ ಆರಿದಾಗ ಹೊತ್ತಿಕೊಂಡೇ ಇದ್ದ ಆ ಬೂದುಗಣ್ಣು ಯಾವುದು?

ಮೊಮ್ಮಗಳು: ಫೆಲ್ಡ್‌ಸ್ಪಾರ್. ಗ್ರಾನೈಟಿನಲ್ಲಿ ಬಿಳಿ, ನಸುಗೆಂಪು ಬಣ್ಣದಲ್ಲಿ ಕಾಣುವ ಖನಿಜ. ಅದರ ಸುತ್ತ ಬೆಣಚು ಹೊಳೆಯಂತೆ ಬಳಸಿಕೊಂಡು ಹರಿದಿದೆ, ನೋಡಿ. ಅದು ಮಾತ್ರ ಹರಿಯಲಿಲ್ಲ. ಉರುಳಿತು, ಅಂಚು ಸವೆಯಿತು, ಬಿರುಕು ಬಿಟ್ಟಿತು.

ತಾತ: ಒಂದೇ ಕುಲುಮೆ, ಒಂದೇ ಬಿಸಿ. ಬೆಣಚು ಹರಿಯಿತು, ಇದು ಸೀಳಿತು. ಇದರ ಹದ ಮೇಲಿದೆ.

ಮೊಮ್ಮಗಳು: 450, 500 ಡಿಗ್ರಿಯಾದರೂ ಬೇಕು ಅದು ಹರಿಯಲು ತೊಡಗಬೇಕಾದರೆ. ಬೆಣಚಿನ ಸಾಲು ಈ ಕಲ್ಲು 300 ದಾಟಿತ್ತು ಎನ್ನುತ್ತದೆ. ಆ ಬಿರುಕು 500 ಮುಟ್ಟಿರಲಿಲ್ಲ ಎನ್ನುತ್ತದೆ. ಸಾಲಿಗೆ ಬಂದವುಗಳಷ್ಟೇ ಸಾಲಿಗೆ ಬಾರದ್ದೂ ನನಗೆ ಮುಖ್ಯ. ಎರಡೂ ಸೇರಿದಾಗಲೇ ನನ್ನ 400ರ ಅಂದಾಜಿಗೆ ಕಾಲೂರಲು ನೆಲ ಸಿಗುವುದು.

(ತಾತ ಗಾಜಿನ ಪಟ್ಟಿಯನ್ನು ತಾವೇ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಬೆಣಚು ಒಟ್ಟಿಗೇ ಬೆಳಗುತ್ತದೆ. ಬೂದುಗಣ್ಣು ಒಂಟಿಯಾಗಿ ಆರುತ್ತದೆ.)

ತಾತ: ಈ ಪಟ್ಟಿ ಮಂಡ್ಯದ ಕಡೆಗೂ ಹೋಗುತ್ತದೆ ಎಂದೆ. ಅಲ್ಲಿಯೂ ಇಷ್ಟೇ ಬಿಸಿಯಿತ್ತೇ?

ಮೊಮ್ಮಗಳು: ಇಲ್ಲ. ನಮ್ಮ ನಾಡಿನ ನೆಲ ದಕ್ಷಿಣಕ್ಕೆ ಹೋದಂತೆ ಹೆಚ್ಚು ಆಳದಿಂದ, ಹೆಚ್ಚು ಬಿಸಿಯಿಂದ ಮೇಲೆ ಬಂದದ್ದು. ಕನಕಪುರದ ಆಚೆ ಕಬ್ಬಾಳದುರ್ಗದ ಹತ್ತಿರಕ್ಕೆ ಹೋದರೆ 700 ಡಿಗ್ರಿ ಮೀರಿ ಕಂಡ ಕಲ್ಲುಗಳೇ ಸಿಗುತ್ತವೆ.

ತಾತ: ಹಾಗಿದ್ದರೆ ದಕ್ಷಿಣದ ಕಲ್ಲು ತೇಯಿಸಿಕೊಂಡು ಬಾ. ಅಲ್ಲಿ ಬೆಣಚಿನ ಕಂಬಗಳು ಮಲಗಿರಬೇಕು, ಈ ಬೂದುಗಣ್ಣು ಬಿರುಕಿಲ್ಲದೆ ಉದ್ದವಾಗಿರಬೇಕು. ಹಾಗಿದ್ದರೆ ನೀನು ಹೇಳಿದ್ದು ಸರಿ. ಇಲ್ಲದಿದ್ದರೆ ನಾವಿಬ್ಬರೂ ಇನ್ನೊಮ್ಮೆ ಕೂತು ಯೋಚಿಸಬೇಕು.

ಮೊಮ್ಮಗಳು: ಮುಂದಿನ ರಜೆಗೆ ತರುತ್ತೇನೆ ತಾತ.

ತಾತ: ತಾ. ಅಡೆಗಲ್ಲು ಇಲ್ಲೇ ಇರುತ್ತದೆ. ಆ ಕನ್ನಡಕವನ್ನು ಮಾತ್ರ ಬಿಟ್ಟು ಹೋಗು.